ಮೂರಕ್ಕೂ ಇಪ್ಪತ್ತೆರಡಕ್ಕೂ ನಡುವೆ

ಪಕ್ಕದ ಮನೆಯನ್ನು ಕೆಡವುವವರು ಬೆಳಿಗ್ಗೆಯೇ ಕೆಲಸಕ್ಕೆ ಇಳಿದಿದ್ದರು. ದೊಡ್ಡ ಸುತ್ತಿಗೆ ಗೋಡೆಗೆ ಬಿದ್ದಾಗಲೆಲ್ಲ ಅವಳ ಬಲಗೈಯ ಪ್ಲಾಸ್ಟರಿನ ಒಳಗೆ ಏನೋ ಮಿಡಿಯುತ್ತಿತ್ತು. ನೋವಲ್ಲ. ನೋವಿಗಾದರೆ ಮಾತ್ರೆ ಇತ್ತು. ತನ್ನ ಪರವಾಗಿ ಬೇರೆ ಯಾರೋ ಹೊಡೆಯುತ್ತಿದ್ದಾರೆ ಅನ್ನಿಸಿ ಮೈ ಹಗುರವಾಗುತ್ತಿತ್ತು. ಹಾಗನ್ನಿಸಿದ್ದು ಅರಿವಿಗೆ ಬಂದಕೂಡಲೆ ಅವಳು ಹೋಗಿ ಕಿಟಕಿ ಮುಚ್ಚಿದಳು. ಎಡಗೈಯಲ್ಲಿ ಎಳೆದದ್ದರಿಂದ ಅದು ಚೌಕಟ್ಟಿಗೆ ಬಡಿದು ಗಾಜು ನಡುಗಿತು. “ಬೇಕಂತ ಬಡಿದಿದ್ದಲ್ಲ” ಎಂದು ಖಾಲಿ ಕೋಣೆಗೆ ಹೇಳಿದಳು. ಮೇಜಿನ ಮೇಲೆ ಅವಳ ಕಾದಂಬರಿಯ ಹಾಳೆಗಳ ಕಟ್ಟು ಬಿಚ್ಚಿಕೊಂಡು ಬಿದ್ದಿತ್ತು. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಜನ ಮುಗಿಬಿದ್ದು ಓದಿದ ಪ್ರೇಮಕತೆ. ಈಗ ತಿದ್ದಿ ಪುಸ್ತಕ ಮಾಡಬೇಕು. ನಾಯಕ ಒಬ್ಬ ಸರ್ಜನ್, ನಾಯಕಿ ಹೂವಿನಂಗಡಿ ನಡೆಸುವವಳು. ಸರ್ಜನ್ ಮೂರನೇ ಅಧ್ಯಾಯದಲ್ಲಿ ಅವಳ ಕೆನ್ನೆಗೆ ಹೊಡೆಯುತ್ತಾನೆ. ಧಾರಾವಾಹಿ ಬರುತ್ತಿದ್ದಾಗ ಆ ವಾರದ ಸಂಚಿಕೆ ಅಂಗಡಿಗಳಲ್ಲಿ ಮಧ್ಯಾಹ್ನದೊಳಗೆ ಖಾಲಿಯಾಗಿತ್ತು. ಅದನ್ನು ಅವಳು ಎಷ್ಟೋ ವರ್ಷ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಹೊಸ ಸಂಪಾದಕಿ ಅವಳ ಅರ್ಧ ವಯಸ್ಸಿನವಳು. ‘ಮೇಡಂ’ ಎನ್ನುವುದನ್ನು ಗೌರವಕ್ಕಿಂತ ಹೆಚ್ಚಾಗಿ ಅಲ್ಪವಿರಾಮದ ಹಾಗೆ ಬಳಸುತ್ತಿದ್ದಳು. ಹೋದ ವಾರ ಫೋನಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಸರ್ಜನ್ ಮೂರರಲ್ಲಿ ಕೆನ್ನೆಗೆ ಬಾರಿಸ್ತಾನೆ ಮೇಡಂ, ಇಪ್ಪತ್ತೆರಡರಲ್ಲಿ ಮಂಡಿಯೂರಿ ಅಳ್ತಾನೆ. ಮಧ್ಯೆ ಏನಾಯ್ತು?”

“ಪ್ರೀತಿ ಆಯ್ತು.”

“ಪ್ರೀತಿ ಮೂರಕ್ಕೆ ಮುಂಚೇನೇ ಇತ್ತಲ್ಲ ಮೇಡಂ. ಎರಡನೇ ಅಧ್ಯಾಯದ ಕೊನೇಲಿ ಅವನೇ ಬಾಯಿಬಿಟ್ಟು ಹೇಳ್ತಾನೆ.”

“ಪಶ್ಚಾತ್ತಾಪ ಅಂತ ಒಂದು ಇರುತ್ತಮ್ಮ.”

“ಅದು ಹೊಡೆದ ದಿನ ರಾತ್ರೀನೇ ಆಗುತ್ತೆ. ಒಂಬತ್ತರಲ್ಲಿ ಮತ್ತೆ ಕೈ ಹಿಡಿದು ತಿರುವ್ತಾನೆ, ಮತ್ತೆ ಪಶ್ಚಾತ್ತಾಪ. ಪಶ್ಚಾತ್ತಾಪಕ್ಕೇನು ಬರ ಇಲ್ಲ ಪುಸ್ತಕದಲ್ಲಿ. ಅವನು ಯಾವಾಗ ನಿಲ್ಲಿಸ್ತಾನೆ, ಯಾಕೆ ನಿಲ್ಲಿಸ್ತಾನೆ, ಅದಿಲ್ಲ. ಅದು ಸಿಗದೆ ನಾನು ಅಚ್ಚಿಗೆ ಕಳಿಸಲ್ಲ ಮೇಡಂ.”

ಅವಳು “ನೋಡ್ತೀನಿ” ಎಂದಳು. ಫೋನನ್ನು ನಿದ್ದೆ ಹೋದ ಮಗುವನ್ನು ಮಲಗಿಸುವಷ್ಟು ಮೆತ್ತಗೆ ಮೇಜಿನ ಮೇಲಿಟ್ಟಳು. ಮಲಗುವ ಕೋಣೆಗೆ ನಡೆದುಹೋಗಿ ಕಬ್ಬಿಣದ ಬೀರುವಿನ ಬಾಗಿಲಿಗೆ ಮುಷ್ಟಿ ಬಿಗಿದು ಗುದ್ದಿದಳು. ಆಸ್ಪತ್ರೆಯಲ್ಲಿ ಬಚ್ಚಲಲ್ಲಿ ಜಾರಿಬಿದ್ದೆ ಎಂದು ಹೇಳಿದ್ದಕ್ಕೆ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು, “ಜಾರಿಬಿದ್ದವರಿಗೆ ಮಣಿಕಟ್ಟು ಹೋಗುತ್ತೆ. ಕಿರುಬೆರಳಿನ ಬುಡ ಮುರಿಯೋದು ಗುದ್ದಿದವರಿಗೆ. ಯಾರಿಗೆ ಕೊಟ್ರಿ, ಯಜಮಾನರಿಗಾ?” ಎಂದು ನಕ್ಕರು. ಪ್ಲಾಸ್ಟರ್ ಕಲಸುತ್ತಿದ್ದ ನರ್ಸ್ ಕೂಡ ನಕ್ಕಳು. ಅವಳಿಗೆ ಯಜಮಾನರಿರಲಿಲ್ಲ. ಯಾವ ಕಾಲಕ್ಕೂ ಇರಲಿಲ್ಲ. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ಆದ್ದರಿಂದ ಅವಳೂ ನಕ್ಕಳು. ಮಾರನೆಯ ದಿನ ಬಂದ ತಂಗಿ ಏನೂ ಕೇಳಲಿಲ್ಲ. ಕಸ ಗುಡಿಸುತ್ತ ಮಲಗುವ ಕೋಣೆಗೆ ಹೋದವಳು ಬೀರುವಿನ ಬಾಗಿಲಿನ ತಗ್ಗನ್ನು ನೋಡಿ, ನಡುಮನೆಯ ಕ್ಯಾಲೆಂಡರ್ ತಂದು ಅದರ ಮೇಲೆ ತೂಗುಹಾಕಿ, ಗುಡಿಸುವುದನ್ನು ಮುಂದುವರಿಸಿದಳು.

ವಸ್ತುಗಳು ಲೆಕ್ಕಕ್ಕಿಲ್ಲ ಎಂದು ಅವಳು ಬಹಳ ಹಿಂದೆಯೇ ತೀರ್ಮಾನಿಸಿಕೊಂಡಿದ್ದಳು. ಒಡೆದ ತಟ್ಟೆ, ಗೋಡೆಗೆ ಹಾರಿದ ಗಡಿಯಾರ, ಒಮ್ಮೆ ಮೆಟ್ಟಿಲ ಮೇಲಿಂದ ಒದ್ದ ಫ್ಯಾನು, ಈಗ ಬೀರು. ಇವು ಒಂದು ಬಗೆಯ ತೆರಿಗೆ. ಇದನ್ನು ಕಟ್ಟುತ್ತಿದ್ದುದರಿಂದಲೇ ಆ ಇನ್ನೊಂದು ನಿಂತಿತ್ತು. ತಂಗಿಯ ಮೈಮೇಲೆ ಅವಳು ಕೈಯೆತ್ತಿ ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಅದು ಯಾರಿಗೂ ತೋರಿಸಲಾಗದ ಆಸ್ತಿ. ಅವಳ ಪುಸ್ತಕಗಳಿಗೆ ಬಹುಮಾನ ಬಂದಿತ್ತು, ಶಾಲು ಬಂದಿತ್ತು. ಇದಕ್ಕೆ ಏನೂ ಬಂದಿರಲಿಲ್ಲ. ಬರಬೇಕು ಎಂದಲ್ಲ. ಆದರೂ ಒಬ್ಬರಾದರೂ ಒಂದು ಸಲ, ಅಡುಗೆ ಮಾಡುತ್ತಲೋ ಬಟ್ಟೆ ಮಡಿಸುತ್ತಲೋ, ನೀನು ಮೊದಲಿನ ಹಾಗಿಲ್ಲ ಬಿಡು ಎಂದಿದ್ದರೆ. ಹಾಗೆ ಹೇಳುವ ಅಧಿಕಾರ ಇದ್ದವಳು ಜಗತ್ತಿನಲ್ಲಿ ಒಬ್ಬಳೇ. ಆ ಒಬ್ಬಳು ಈಗ ದಿನಾ ಈ ಮೇಜಿಗೆ ಬಂದು ಕೂತು, ಅಕ್ಕ ಹೇಳಿದ್ದನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದಳು. ಸರ್ಜನ್ ಬದಲಾಗುವುದು ಹೇಗೆ ಎಂದು ಸಂಪಾದಕಿಗೆ ಬೇಕಾಗಿತ್ತು. ಬದಲಾದವಳೊಬ್ಬಳನ್ನು ಹತ್ತಿರದಿಂದ ಕಂಡ ಸಾಕ್ಷಿ ಮನೆಯಲ್ಲೇ ಇರುವಾಗ ಊರೆಲ್ಲ ಹುಡುಕುವುದೇಕೆ? ಇವತ್ತು ಕೇಳುತ್ತೇನೆ ಎಂದು ಅವಳು ಹಲ್ಲುಜ್ಜುವಾಗಲೇ ನಿಶ್ಚಯಿಸಿದ್ದಳು. ಕನ್ನಡಿಯಲ್ಲಿ ನೊರೆ ತುಂಬಿದ ಬಾಯಿ ಕಂಡು, ಇದೇ ಬಾಯಲ್ಲೇ ಕೇಳಬೇಕಲ್ಲ ಎಂದು ಅಸಹ್ಯವಾಯಿತು.

ತಂಗಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಲ್ಯಾಬಿನ ಹತ್ತಿರವೇ ಒಂದು ಕೋಣೆ ಮಾಡಿಕೊಂಡು ಒಬ್ಬಳೇ ಇದ್ದಳು. ಇವತ್ತು ವಾರದ ರಜೆ, ಹಾಗಾಗಿ ಬೆಳಿಗ್ಗೆಯೇ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎಂದಿನಂತೆ ಒಂದು ಕ್ಷಣ ಅಲ್ಲೇ ನಿಂತಳು. ಒಳಗೆ ಬಂದು ಮೂಲೆಯ ಕುರ್ಚಿಯನ್ನು ಎಳೆದುಕೊಂಡು, ಬೆನ್ನು ಗೋಡೆಗೆ ತಾಗುವಂತೆ ಕೂತಳು. ಬೆನ್ನುನೋವಿರಬೇಕು ಎಂದು ಅಕ್ಕ ಅಂದುಕೊಂಡು ವರ್ಷಗಳಾಗಿದ್ದವು. ದಿಂಬು ಕೊಡಲೇ ಎಂದು ಕೇಳಿದ್ದೂ ಉಂಟು.

“ಧೂಳು ನೋಡು, ಮೂಗೆಲ್ಲ ಸುಣ್ಣ” ಎಂದಳು ತಂಗಿ. “ಲ್ಯಾಬಲ್ಲೂ ಇದೇ, ಇಲ್ಲೂ ಇದೇ. ಎಲ್ಲಿಗೆ ಬಂತು ನಿನ್ನ ಸರ್ಜನ್‌ದು?”

“ಹದಿಮೂರು.”

“ಹದಿಮೂರು ಅಧ್ಯಾಯ ಆಯ್ತು, ಒಂದು ಹೊಟ್ಟೆ ಕೊಯ್ದಿಲ್ಲ ಅವನು. ಆಸ್ಪತ್ರೆಯವರು ಸಂಬಳ ಯಾಕೆ ಕೊಡ್ತಾರೆ? ಬರೀ ಬಾಲ್ಕನೀಲಿ ನಿಂತ್ಕೊಂಡು ನಿಟ್ಟುಸಿರು ಬಿಡೋಕಾ?”

“ನೀನು ಟೈಪ್ ಮಾಡು ಸಾಕು.”

“ಮಾಡ್ತೀನಿ. ಕೇಳಿದೆ ಅಷ್ಟೆ. ಅವಳಾದ್ರೂ ದಿನಾ ಅಂಗಡಿ ತೆಗೀತಾಳೆ, ಪಾಪ.”

ಅವರ ಕೆಲಸಕ್ಕೆ ಈ ದಿನಗಳಲ್ಲಿ ಒಂದು ಕ್ರಮ ಬಂದಿತ್ತು. ಅಕ್ಕ ಕೋಣೆಯಲ್ಲಿ ಅಡ್ಡಾಡುತ್ತ ಹೇಳುವುದು, ತಂಗಿ ಟೈಪ್ ಮಾಡುವುದು, ಒಂದು ತುಣುಕು ಮುಗಿದಮೇಲೆ ಗಟ್ಟಿಯಾಗಿ ಓದುವುದು. ಅಕ್ಕ ‘ಇರ್ಲಿ’ ಎಂದರೆ ಇರುತ್ತಿತ್ತು, ‘ಕಿತ್ತಾಕು’ ಎಂದರೆ ಹೋಗುತ್ತಿತ್ತು. ತಂಗಿ ಎಂದೂ ಎರಡಕ್ಕೂ ತಕರಾರು ಮಾಡಿದವಳಲ್ಲ. ಅವಳ ಎಡಗೈಯ ಕಿರುಬೆರಳು ಮಡಚಲು ಬರುವುದಿಲ್ಲ. ಆ ಬೆರಳಿನ ಪಾಲಿನ ಅಕ್ಷರ ಬಂದಾಗ ಪಕ್ಕದ ಬೆರಳು ಅಷ್ಟು ದೂರ ಸರಿದು ಒತ್ತಬೇಕು. ಆಗ ಕೀಲಿಗಳ ಸದ್ದಿನಲ್ಲಿ ಒಂದು ಸಣ್ಣ ತಡೆ. ಅಡ್ಡಾಡುತ್ತಿದ್ದವಳ ಕಿವಿಗೆ ಮೊದಮೊದಲು ಅದು ಬಿದ್ದಿರಲಿಲ್ಲ. ಒಮ್ಮೆ ಬಿದ್ದಮೇಲೆ ಬೇರೇನೂ ಬೀಳುತ್ತಿರಲಿಲ್ಲ. ಸರ್ಜನ್ ಅವಳ ಮುಂಗುರುಳನ್ನು ಹಿಂದಕ್ಕೆ ಸರಿಸಿದ, ತಡೆ, ಅವಳ ಕಣ್ಣುಗಳಲ್ಲಿ, ತಡೆ, ತನ್ನ ಮುಖವನ್ನೇ ಕಂಡ. ಗಾಳಿಗೆ ಬಾಗಿಲು ಬಡಿದು ಬೆರಳು ಸಿಕ್ಕಿಕೊಂಡಿತು ಎಂದು ಅಪ್ಪನಿಗೆ ಹೇಳಿದ್ದರು. ಅಕ್ಕ ಹೇಳಿದ್ದಳು, ತಂಗಿ ತಲೆಯಾಡಿಸಿದ್ದಳು. ಅಪ್ಪ ಗಿರಣಿಯ ರಾತ್ರಿಪಾಳಿ ಮುಗಿಸಿ ಬಂದವನು ಕೆಂಪಗಿನ ಕಣ್ಣಲ್ಲೇ ಬಾಗಿಲಿಗೆ ಒಂದು ಕೊಂಡಿ ಹಾಕಿ, ಗಾಳಿಗೆ ಬಡಿಯದ ಹಾಗೆ ಕಟ್ಟಿ, ಮಲಗಿದ್ದ. ಅಮ್ಮ ತೀರಿಕೊಂಡಮೇಲೆ ಅಡುಗೆಮನೆ, ತಂಗಿ, ಎರಡೂ ಅವಳ ಪಾಲಿಗೆ ಬಂದಿದ್ದವು. ಅಡುಗೆಮನೆಯಲ್ಲಿ ಏನು ಕೈಗೆ ಸಿಕ್ಕಿತೋ ಅದು ತಂಗಿಗೆ ಬೀಳುತ್ತಿತ್ತು. ಸೌಟು, ಲಟ್ಟಣಿಗೆ. ಲೆಕ್ಕ ತಪ್ಪಿದರೆ ಮರದ ಸ್ಕೇಲಿನ ಅಂಚು. ಒಮ್ಮೆ ಸುಳ್ಳು ಹೇಳಿದ್ದಕ್ಕೆ ತಲೆಯನ್ನು ನಲ್ಲಿಯ ಕೆಳಗೆ ಹಿಡಿದು, ಉಸಿರಿಗೆ ಬಾಯಿ ತೆರೆದಾಗಲೂ ಬಿಟ್ಟಿರಲಿಲ್ಲ. ಹೊಡೆದಾದ ಮೇಲೆ ತಬ್ಬಿಕೊಂಡು “ಮರಿ, ಮರಿ” ಎಂದು ತಾನೇ ಅಳುತ್ತಿದ್ದಳು. ಪುಟ್ಟ ಮೈ ತಬ್ಬಿದ ತೋಳಿನೊಳಗೆ ಕಟ್ಟಿಗೆಯ ಹಾಗೆ ನಿಂತಿರುತ್ತಿತ್ತು. ಆಮೇಲೆ ಪತ್ರಿಕೆಗೆ ಕತೆ ಬರೆಯುವ ಕಾಲ ಬಂದಾಗ, ತಬ್ಬಿಕೊಂಡು ಅಳುವ ಗಂಡಸನ್ನು ಅವಳು ಸಲೀಸಾಗಿ ಬರೆದಳು. ಓದುಗರು ಅದು ಪ್ರೀತಿ ಎಂದರು. ಅಷ್ಟು ಜನ ಹೇಳಿದಮೇಲೆ ಅವಳೂ ನಂಬಿದಳು.

“ಅಕ್ಕ, ಹೇಳು. ಕೈ ಕಾಯ್ತಿದೆ.”

“ಒಂದು ಮಾತು ಕೇಳ್ತೀನಿ.” ಅವಳು ಕಿಟಕಿಯ ಕಡೆಗೆ ತಿರುಗಿಕೊಂಡು ಕೇಳಿದಳು. ಗಾಜಿನಾಚೆ ಒಬ್ಬ ಗೋಡೆಯ ಮೇಲೆ ನಿಂತು, ತಾನು ನಿಂತ ಗೋಡೆಯನ್ನೇ ಬಡಿಯುತ್ತಿದ್ದ. “ಒಬ್ಬ ಹೊಡೆಯೋದು ನಿಲ್ಲಿಸ್ದ ಅಂತಿಟ್ಕೋ. ಹೊಡೆಸಿಕೊಂಡವಳಿಗೆ ಅದು ಯಾವಾಗ ಗೊತ್ತಾಗುತ್ತೆ?”

“ಯಾರಿಗೆ, ಹೂವಿನಂಗಡಿಯವಳಿಗಾ?”

“ಹ್ಞೂಂ.”

“ಗೊತ್ತಾಗಲ್ಲ.”

“ಗೊತ್ತಾಗದೆ ಏನು? ಕೈ ಎತ್ತುತಾ ಇಲ್ಲ ಅಂದ್ರೆ—”

“ನಿನ್ನೆ ಎತ್ತಲಿಲ್ಲ ಅಂತ ಗೊತ್ತಾಗುತ್ತೆ. ಇವತ್ತು ಇನ್ನೂ ಮುಗಿದಿಲ್ವಲ್ಲ.”

ತಂಗಿ ಇದನ್ನು ಹವಾಮಾನ ಹೇಳುವವರ ದನಿಯಲ್ಲಿ ಹೇಳಿದಳು. ಉಗುರಿನ ಸಂದಿಯಲ್ಲಿ ಕೂತ ಲ್ಯಾಬಿನ ಬಿಳಿ ಪುಡಿಯನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಿದ್ದಳು. ಅಕ್ಕನಿಗೆ ಪ್ಲಾಸ್ಟರಿನೊಳಗೆ ಕಡಿತ ಶುರುವಾಯಿತು. ಇಲ್ಲ, ಪ್ರಶ್ನೆ ಸರಿಯಾಗಿ ಕೇಳಲಿಲ್ಲ, ಕತೆಯ ಬಗ್ಗೆ ಕೇಳಿದರೆ ಕತೆಯ ಬಗ್ಗೆಯೇ ಉತ್ತರ ಬರುತ್ತದೆ. ಆದರೆ ಇನ್ನೊಂದು ರೀತಿಯಲ್ಲಿ ಕೇಳಲು ಬಾಯಿ ಏಳಲಿಲ್ಲ. ಬದಲಿಗೆ ಅವಳು ಸರ್ಜನ್‌ನನ್ನು ಹಿಡಿದುಕೊಂಡಳು. ಅವನಿಗೆ ಇವತ್ತು ಏನಾದರೂ ಆಗಲೇಬೇಕು. ಆಸ್ಪತ್ರೆಗೆ ಗಂಡನಿಂದ ಏಟು ತಿಂದ ಹೆಂಗಸೊಬ್ಬಳು ಬರುತ್ತಾಳೆ. ಅವಳ ಮುಖ ಹೊಲಿಯುವಾಗ ಸರ್ಜನ್‌ಗೆ ತನ್ನ ಕೈ ಕಾಣುತ್ತದೆ. ಆಪರೇಷನ್ ಮುಗಿಸಿ ನಲ್ಲಿಯ ಕೆಳಗೆ ಕೈ ತೊಳೆಯುತ್ತಾನೆ, ಮತ್ತೆ ಮತ್ತೆ ತೊಳೆಯುತ್ತಾನೆ, ಈ ಕೈ ಇನ್ನು ಮುಂದೆ ಹೊಲಿಯುವುದಕ್ಕೆ ಮಾತ್ರ ಎಂದು ಕನ್ನಡಿಗೆ ಹೇಳುತ್ತಾನೆ. ಅವಳು ಓಡಾಡುತ್ತ, ಉಸಿರುಗಟ್ಟಿ, ಒಂದೇ ಸಮನೆ ಹೇಳಿದಳು. ಕೀಲಿಗಳು ಹಿಂದಿನಿಂದ ಓಡಿಬರುತ್ತಿದ್ದವು. ಸಲೀಸಾಗಿ ಬರುತ್ತಿದೆ ಎನ್ನುವುದೇ ಅನುಮಾನ ಹುಟ್ಟಿಸಬೇಕಿತ್ತು. ಪತ್ರಿಕೆಯ ದಿನಗಳಲ್ಲಿ ಹೀಗೆ ಬಂದದ್ದೇ ಆ ವಾರದ ಸಂಚಿಕೆಯಾಗುತ್ತಿತ್ತು. ಕೊನೆಯ ವಾಕ್ಯ ಹೇಳಿ ನಿಂತಾಗ ಅವಳ ಕಣ್ಣಲ್ಲಿ ನೀರಿತ್ತು. ಆದರೆ ಕೀಲಿಗಳ ಸದ್ದು ನಿಲ್ಲಲಿಲ್ಲ. ಅವಳು ಹೇಳುವುದು ಮುಗಿದಿತ್ತು, ತಂಗಿ ಟೈಪ್ ಮಾಡುತ್ತಲೇ ಇದ್ದಳು. ಹಿಂದೆ ಬಿದ್ದಿರಬೇಕು, ಪಾಪ, ಬೆರಳು, ಎಂದುಕೊಂಡು ಅಕ್ಕ ಕಾದಳು.

“ಓದು.”

ತಂಗಿ ಎದ್ದು ಅಡುಗೆಮನೆಗೆ ಹೋಗಿ ಬಂದು, ಓದಿದಳು. ಗಂಟಲು ಸರಿಮಾಡಿಕೊಂಡು, ಏರಿಳಿತವಿಲ್ಲದೆ, ಔಷಧಿ ಶೀಸೆಯ ಮೇಲಿನದನ್ನು ಓದುವ ಹಾಗೆ. ಮುಖ ಹೊಲಿದದ್ದು, ನಲ್ಲಿ, ಕನ್ನಡಿ, ಕೈ. ಮುಗಿಯಿತು ಎಂದುಕೊಂಡಾಗ ಉಸಿರು ತೆಗೆದುಕೊಂಡು ಮುಂದೆ ಓದಿದಳು.

“ಮದುವೆಯಾಗಿ ಎಷ್ಟೋ ವರ್ಷವಾದ ಮೇಲೂ, ಅವನಿಗೆ ಕೆಟ್ಟ ಸುದ್ದಿ ಹೇಳುವುದಿದ್ದರೆ ಅವಳು ಮೊದಲು ಮೇಜಿನ ಮೇಲಿನ ಗಾಜಿನ ಲೋಟಗಳನ್ನು ಎತ್ತಿ ಒಳಗಿಡುತ್ತಿದ್ದಳು. ಅವನು ಅದನ್ನು ಅಚ್ಚುಕಟ್ಟು ಎಂದುಕೊಂಡಿದ್ದ. ಬಂದವರ ಮುಂದೆ ಹೊಗಳುತ್ತಿದ್ದ. ಬೀಗದಲ್ಲಿ ಕೀಲಿ ತಿರುಗುವ ಸದ್ದಿನಿಂದಲೇ ಅವಳಿಗೆ ಆ ದಿನ ಎಂಥದ್ದೆಂದು ತಿಳಿಯುತ್ತಿತ್ತು. ಕೀಲಿ ತಡವರಿಸಿದರೆ ಅವಳು ಕಿವಿಯ ಓಲೆ ಬಿಚ್ಚಿಡುತ್ತಿದ್ದಳು. ಹಿಂದೊಮ್ಮೆ ಓಲೆ ಕಿವಿಯನ್ನು ಹರಿದಿತ್ತು. ಅವನು ಹೊಡೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವಳು ಬಿಚ್ಚಿಡುವುದನ್ನು ಬಿಟ್ಟಿರಲಿಲ್ಲ.”

ಮೊದಲು ಹುಟ್ಟಿದ್ದು ಸಿಟ್ಟಲ್ಲ. ಅದನ್ನು ಅವಳು ಆಮೇಲೂ ಸ್ಪಷ್ಟವಾಗಿ ನೆನೆದಳು. ಮೊದಲು ಹುಟ್ಟಿದ್ದು, ಇದು ಚೆನ್ನಾಗಿದೆ ಎನ್ನುವುದು. ಇಪ್ಪತ್ತೆರಡು ಅಧ್ಯಾಯಗಳಲ್ಲಿ ಇಷ್ಟು ಚೆನ್ನಾಗಿರುವುದು ಒಂದಿಲ್ಲ ಎನ್ನುವುದು. ನಂತರ ಅವಳ ಕಣ್ಣು ತಂಗಿಯ ಕಿವಿಗೆ ಹೋಯಿತು. ಎಡಗಿವಿಯ ತೂತು ಕೆಳಗಿನವರೆಗೂ ಸೀಳಿ, ಕೂಡಿಕೊಂಡು, ಸಣ್ಣ ಗೆರೆಯಾಗಿತ್ತು. ಬಲಗಿವಿ ಬರಿದು. ಬೀದಿಯಲ್ಲಿ, ಲ್ಯಾಬಿನ ಬಾಗಿಲಲ್ಲಿ, ಬಸ್ಸಿನಲ್ಲಿ ಯಾವಾಗಲಾದರೂ ಎದುರಾದಾಗ ತಂಗಿಯ ಬಲಗಿವಿಯಲ್ಲಿ ಪುಟ್ಟ ಹರಳು ಕಂಡದ್ದುಂಟು. ಈ ಮನೆಯೊಳಗೆ ಎಂದೂ ಕಂಡದ್ದಿಲ್ಲ. ಹಾಗಾದರೆ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುವುದು, ಹಾಗಾದರೆ ಗೋಡೆಗೆ ತಾಗಿದ ಕುರ್ಚಿ, ಹಾಗಾದರೆ ಮೇಜಿನ ಮೇಲೆ ಇವತ್ತು ಕಾಫಿ ಕುಡಿದ ಲೋಟಗಳಿಲ್ಲ, ಯಾವಾಗ ಎತ್ತಿದಳು ಇವಳು, ಓದುವ ಮೊದಲು ಎತ್ತಿ ಒಳಗಿಟ್ಟು ಬಂದು ಓದಿದಳು. ಇಪ್ಪತ್ತು ವರ್ಷದ ಆಸ್ತಿ. ಯಾರೂ ಅದನ್ನು ನಂಬಿರಲಿಲ್ಲ. ಒಂದು ದಿನದ ಮಟ್ಟಿಗೂ ನಂಬಿರಲಿಲ್ಲ. ಅವಳು ಒಂದೊಂದು ದಿನ ಹಲ್ಲುಕಚ್ಚಿ ಕೂಡಿಟ್ಟದ್ದರ ಮುಂದೆ ಈ ಹುಡುಗಿ ದಿನಾ ಓಲೆ ಬಿಚ್ಚಿ ಪರ್ಸಿಗೆ ಹಾಕಿಕೊಂಡು ಬಂದು ಕೂತಿದ್ದಳು.

“ನಾನು ಹೇಳಿದ್ನಾ ಇದನ್ನ?”

“ಇಲ್ಲ.”

“ಮತ್ತೆ?”

“ಸಂಪಾದಕಿ ಕೇಳಿದ್ದು ಇದೇ ಇರ್ಬೇಕು ಅನ್ನಿಸ್ತು.”

“ಕಿತ್ತಾಕು.”

ತಂಗಿಯ ಕೈ ಅಲುಗಲಿಲ್ಲ. “ಚೆನ್ನಾಗಿದೆ ಅಕ್ಕ” ಎಂದಳು. “ನಿಂಗೂ ಗೊತ್ತು.”

ಅದೇ ಸಾಕಾಯಿತು. ಬಲಗೈ ಎದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಪ್ಲಾಸ್ಟರ್ ಹೊತ್ತ ತೋಳಿನ ಭಾರ ಗೊತ್ತಾಯಿತು, ಒನಕೆಯ ಹಾಗೆ, ಭುಜದಿಂದ ತೂಗಿಬಂದ ಭಾರ. ಆ ಅರೆಗಳಿಗೆಯಲ್ಲಿ ತಂಗಿ ಮಾಡಿದ್ದನ್ನು ಅವಳು ಕೂದಲೆಳೆಯಷ್ಟೂ ಬಿಡದೆ ನೋಡಿದಳು. ತಂಗಿ ಮೊದಲು ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಅದನ್ನು ಎದೆಗೆ ಅವಚಿಕೊಂಡಳು. ಆಮೇಲೆ ಮುಖವನ್ನು ಗೋಡೆಗೆ ತಿರುಗಿಸಿ, ಕತ್ತು ಒಳಗೆಳೆದು, ಹೆಗಲೆಲುಬನ್ನು ಒಡ್ಡಿದಳು. ಗಾಬರಿ ಇರಲಿಲ್ಲ. ಒಂದರ ನಂತರ ಒಂದು, ಇಷ್ಟು ಕಾಲದ ಮೇಲೂ ಮರೆಯದ ಕೆಲಸ. ಏಟು ಹೆಗಲ ಹಿಂದೆ ಬಿತ್ತು. ಸದ್ದು ಸುತ್ತಿಗೆಯದ್ದರಂತಿರಲಿಲ್ಲ, ಮೆತ್ತಗಿತ್ತು, ಒದ್ದೆಯಾಗಿತ್ತು. ಎರಡನೆಯದೂ ಬಿತ್ತು. ಎರಡನೆಯದನ್ನು ಅವಳು ನೋಡುತ್ತ, ತಿಳಿದು, ಬೇಕೆಂದೇ ಹೊಡೆದಳು. ಮೊದಲನೆಯದರ ಬಗ್ಗೆ ಯಾರಾದರೂ ಏನಾದರೂ ಹೇಳಬಹುದು, ಎರಡನೆಯದರ ಬಗ್ಗೆ ಹೇಳಲು ಏನೂ ಉಳಿದಿರಲಿಲ್ಲ. ಪ್ಲಾಸ್ಟರ್ ಅಡ್ಡಕ್ಕೆ ಬಿರುಕು ಬಿಟ್ಟಿತು. ಒಳಗೆ ಕೂಡುತ್ತಿದ್ದ ಮೂಳೆ ಬಿಟ್ಟುಕೊಂಡ ನೋವು ಮೊಣಕೈವರೆಗೆ ಬೆಂಕಿಯಾಗಿ ಹತ್ತಿ, ಅವಳು ನೆಲಕ್ಕೆ ಕೂತಳು. ಬಾಯಿಂದ ಅದಾಗಿಯೇ ಹಳೆಯ ಮಾತು ಹೊರಟಿತು.

“ಮರಿ—”

“ಆ ಮಾತು ಬೇಡ” ಎಂದಳು ತಂಗಿ.

ಅವಳು ನಿಧಾನವಾಗಿ ತಿರುಗಿದಳು. ತುಟಿಯ ಬಣ್ಣ ಹೋಗಿತ್ತು. ಒಂದು ತೋಳು ಮೇಲೇಳುತ್ತಿರಲಿಲ್ಲ, ಅದನ್ನು ಇನ್ನೊಂದು ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟುಕೊಂಡಳು. ಲ್ಯಾಪ್‌ಟಾಪ್ ತೆರೆದು ನೋಡಿ, “ಸೇವ್ ಆಗಿದೆ” ಎಂದಳು. ಎದ್ದು ಹೋಗಿ ನೀರು ತಂದಳು, ಅಕ್ಕನ ಮಾತ್ರೆಯ ಹಾಳೆಯಿಂದ ಒಂದನ್ನು ಹಲ್ಲಿನಲ್ಲಿ ಒಡೆದು ತೆಗೆದು ಅಂಗೈಗೆ ಹಾಕಿದಳು, ಇನ್ನೊಂದನ್ನು ತಾನು ನುಂಗಿದಳು. ಸ್ಟೀಲಿನ ಲೋಟವನ್ನೇ ತಂದಿದ್ದಳು. ಅಕ್ಕ ನೆಲದಿಂದ ಮೇಲೆ ನೋಡಿದಳು. ಇಪ್ಪತ್ತೆರಡನೇ ಅಧ್ಯಾಯದ ಮಾತುಗಳೆಲ್ಲ ಸಾಲಾಗಿ ನಾಲಗೆಯ ಮೇಲೆ ಬಂದು ನಿಂತಿದ್ದವು. ನಾನು ಮೃಗ, ನೀನಿಲ್ಲದೆ ನಾನಿಲ್ಲ, ಈ ಕೈಯನ್ನು ಕಡಿದುಹಾಕು. ಅವಳೇ ಬರೆದವು. ಜನ ಬಾಯಿಪಾಠ ಮಾಡಿದವು.

“ನಾನು ಬದಲಾಗಿದ್ದೀನಿ ಅಂತ ನಿಂಗೆ ಒಂದು ಸಲಾನೂ ಅನ್ನಿಸ್ಲಿಲ್ವಾ?” ಎಂದಳು. ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಈಗ, ಇದನ್ನು ಕೇಳಿದಳು. ಕೇಳಿದಮೇಲೆ ಎಷ್ಟು ಹಾಸ್ಯಾಸ್ಪದ ಎಂದು ತಿಳಿಯಿತು.

ತಂಗಿ ನಗಲಿಲ್ಲ. ಯೋಚಿಸಿದಳು. “ನಿನ್ನೊಳಗೆ ಏನಾಗ್ತಿತ್ತು ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಅಕ್ಕ? ನಾನು ನೋಡ್ತಿದ್ದಿದ್ದು ಕೈ.” ಕೀಲಿಗಳ ಮೇಲೆ ಬೆರಳಿಟ್ಟಳು. “ಹೇಳು. ಅವನು ಯಾಕೆ ನಿಲ್ಲಿಸ್ದ? ನಲ್ಲಿ, ಕನ್ನಡಿ ಬೇಡ. ನಿಜವಾಗ್ಲೂ ಯಾಕೆ?”

ಅವಳು ನೆಲದಲ್ಲೇ ಕೂತು, ಮೇಜಿನ ಕಾಲನ್ನು ನೋಡುತ್ತ ಹೇಳಿದಳು. ಸರ್ಜನ್ ಎಂದೇ ಹೇಳಿದಳು. ಒಂದು ಸಂಜೆ ಅವನು ಅವಳ ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿಯುತ್ತಿದ್ದ. ಬಾಗಿಲು ತೆರೆದಿತ್ತು. ಮೇಲಿನ ಮನೆಯ ಟೀಚರಮ್ಮ ಮೆಟ್ಟಿಲಿಳಿಯುತ್ತಿದ್ದವರು ಹೊಸ್ತಿಲಲ್ಲಿ ನಿಂತರು. ಕೂಗಲಿಲ್ಲ, ಬಿಡಿಸಲಿಲ್ಲ. ನೋಡಿದರು. ಅವನೂ ಅವರನ್ನು ನೋಡಿದ, ಮುಷ್ಟಿಯಲ್ಲಿ ಕೂದಲು ಹಾಗೇ ಇತ್ತು. ಅವರು ಹೋದರು. ಮರುದಿನದಿಂದ ಅವನು ಮೆಟ್ಟಿಲು ಹತ್ತುವಾಗ ಬಾಗಿಲುಗಳು ಮುಚ್ಚಿಕೊಂಡವು. ನಲ್ಲಿಯ ಹತ್ತಿರ ಹೆಂಗಸರು ಮಾತು ನಿಲ್ಲಿಸಿದರು. ಅವನು ನಿಲ್ಲಿಸಿದ್ದು ಅದಕ್ಕೆ. ಅವಳ ಮೇಲಿನ ಪ್ರೀತಿಗಲ್ಲ, ಪಶ್ಚಾತ್ತಾಪಕ್ಕಲ್ಲ. ಮಾನ ಹೋದದ್ದಕ್ಕೆ. ಆಮೇಲೆ ಅದನ್ನೇ ಬದಲಾವಣೆ ಎಂದು ಕರೆದುಕೊಂಡ. ಇದನ್ನು ಹೇಳುವಾಗ ಅವಳಿಗೆ ಅಳು ಬರಲಿಲ್ಲ. ಹಲ್ಲು ಕೀಳಿಸಿಕೊಂಡಮೇಲೆ ಆ ಜಾಗಕ್ಕೆ ನಾಲಗೆ ಹೋಗುವಂತೆ ಮಾತು ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಬಾಗಿಲು ಅವತ್ತು ಅದು ಹೇಗೋ ತೆರೆದುಕೊಂಡಿತ್ತು, ಎಂದು ಮುಗಿಸಿದಳು.

ತಂಗಿ ಅಷ್ಟನ್ನೂ ಟೈಪ್ ಮಾಡಿದಳು. ಒಂದೇ ಕೈಯಲ್ಲಿ, ನಿಧಾನಕ್ಕೆ. ಕೊನೆಯ ವಾಕ್ಯಕ್ಕೆ ಬಂದು ನಿಂತಳು.

“ಇದು ತಪ್ಪು” ಎಂದಳು.

“ಯಾವುದು?”

“ಬಾಗಿಲು ಹೇಗೋ ತೆರೆದುಕೊಳ್ಳಲಿಲ್ಲ. ಚಿಲಕ ತೆಗೆದಿಟ್ಟವಳು ನಾನು. ನೀನು ಒಳಗೆ ಬಂದಮೇಲೆ ಮೆಲ್ಲಗೆ ತೆಗೆದಿಡ್ತಿದ್ದೆ. ಎಷ್ಟೋ ದಿನ ಯಾರೂ ಬರ್ಲಿಲ್ಲ. ಒಂದಿನ ಹಾಲಿನವನು ಬಂದ, ನೋಡಿ ಹೋದ, ಅವನು ಯಾರಿಗೂ ಹೇಳ್ಲಿಲ್ಲ. ಗಂಡಸರಿಂದ ಪ್ರಯೋಜನ ಇಲ್ಲ ಅಂತ ಆಮೇಲೆ ಟೀಚರಮ್ಮ ಟ್ಯೂಷನ್ನಿಗೆ ಇಳಿಯೋ ಹೊತ್ತು ನೋಡ್ಕೊಂಡೆ. ಅವತ್ತು ನಿಂಗೆ ಕೋಪ ಬರ್ಸಿದ್ದೂ ನಾನೇ. ಬೇಕಂತ ಅನ್ನಕ್ಕೆ ಉಪ್ಪು ಸುರಿದೆ. ಹೊತ್ತು ಮೀರಿಬಿಟ್ರೆ ಅಂತ ಭಯ.”

ಪಕ್ಕದಲ್ಲಿ ಗೋಡೆಯ ದೊಡ್ಡ ತುಂಡೊಂದು ಬಿದ್ದು ಮನೆ ಅದುರಿತು. ಇಬ್ಬರೂ ಅತ್ತ ನೋಡಲಿಲ್ಲ. ಉಪ್ಪು ಅವಳಿಗೆ ನೆನಪಿತ್ತು. ಆ ಉಪ್ಪನ್ನು ಅವಳು ಇಷ್ಟು ಕಾಲ ತನ್ನ ಪರವಾದ ಒಂದು ಸಣ್ಣ ವಾದವಾಗಿ ಇಟ್ಟುಕೊಂಡಿದ್ದಳು. ಹುಡುಗಿಯೂ ಏನು ಕಡಿಮೆ ಹಟಮಾರಿಯಾಗಿರಲಿಲ್ಲ, ಅನ್ನಕ್ಕೆ ಹಿಡಿ ಉಪ್ಪು ಸುರಿದವಳು. ಸಂಪಾದಕಿ ಕೇಳಿದ್ದಕ್ಕೆ ಅವಳು ಸರ್ಜನ್‌ನ ಎದೆಯನ್ನು ಬಗೆದು ಬಗೆದು ಹುಡುಕಿದ್ದಳು, ಉತ್ತರ ಅಲ್ಲಿ ಇರಲೇ ಇಲ್ಲ. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಅಷ್ಟು ಅಧ್ಯಾಯಗಳಲ್ಲಿ ಹೂವಿನಂಗಡಿಯವಳು ಮಾಲೆ ಕಟ್ಟುತ್ತ ಕಣ್ಣೀರು ಹಾಕುತ್ತ ಕೂತಿದ್ದಾಳೆ ಎಂದು ಬರೆದದ್ದು ಯಾರು? ಕೈ ಮಾಲೆ ಕಟ್ಟುತ್ತಿರುವಾಗ ಅವಳ ತಲೆ ಏನು ಯೋಚಿಸುತ್ತಿತ್ತು ಎಂದು ಒಂದು ಸಲವೂ ಇಣುಕಿ ನೋಡಿರಲಿಲ್ಲ.

“ಹಾಗಾದ್ರೆ ಆ ಅಧ್ಯಾಯ ಅವಳದ್ದು” ಎಂದಳು.

“ಹ್ಞೂಂ.”

“ನಂಗೆ ಬರಲ್ಲ ಅದು.”

“ಗೊತ್ತು.”

“ಬರಿ.”

ತಂಗಿ ಬರೆದಳು. ಹೇಳಿಕೊಡುವವರಿಲ್ಲದೆ ಕೀಲಿಗಳ ಸದ್ದು ಬೇರೆಯಾಗಿತ್ತು, ಓಡುತ್ತಿತ್ತು, ನಿಲ್ಲುತ್ತಿತ್ತು, ಹಿಂದಕ್ಕೆ ಹೋಗಿ ಅಳಿಸುತ್ತಿತ್ತು, ಮತ್ತೆ ಓಡುತ್ತಿತ್ತು. ಅಕ್ಕ ಗೋಡೆ ಹಿಡಿದು ಎದ್ದು ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ ಕೂತಳು. ಕೈ ಊದಿ ಪ್ಲಾಸ್ಟರಿನ ಬಿರುಕನ್ನು ಅಗಲ ಮಾಡುತ್ತಿತ್ತು. ಮಧ್ಯಾಹ್ನವಾಯಿತು, ಸುತ್ತಿಗೆಯವರು ಊಟಕ್ಕೆ ಕೂತರು. ಅವರಲ್ಲೊಬ್ಬ ಏನೋ ಹೇಳಿ ಉಳಿದವರೆಲ್ಲ ಗಟ್ಟಿಯಾಗಿ ನಕ್ಕರು. ತಂಗಿ ನೋವಿನ ತೋಳನ್ನು ಆಗಾಗ ಮೇಜಿನ ಮೇಲೆ ಸರಿಮಾಡಿಟ್ಟುಕೊಳ್ಳುತ್ತಿದ್ದಳು. ಒಂದೆರಡು ಸಲ ಪರದೆಯನ್ನು ನೋಡಿ ಸಣ್ಣಗೆ ಮುಗುಳ್ನಕ್ಕಳು. ಯಾವ ವಾಕ್ಯಕ್ಕೆ ಎಂದು ಅಕ್ಕನಿಗೆ ತಿಳಿಯಲಿಲ್ಲ. ಆ ನಗು ಅವಳು ಎಂದೂ ಕಂಡದ್ದಲ್ಲ. ಓಲೆ ಹಾಕಿಕೊಂಡು ತಿರುಗುವ ಜಾಗಗಳಲ್ಲಿ ಇರುತ್ತಿತ್ತೇನೋ.

ಕೊನೆಗೆ ಸದ್ದು ನಿಂತಿತು.

“ಓದು” ಎಂದಳು ಅಕ್ಕ.

“ಇಲ್ಲ.”

“ಏನು ಇಲ್ಲ?”

“ಓದಲ್ಲ. ಓದಿದ್ರೆ ನೀನು ಇರ್ಲಿ ಅಂತೀಯ, ಇಲ್ಲಾ ಕಿತ್ತಾಕು ಅಂತೀಯ. ಎರಡೂ ಬೇಡ.” ತಂಗಿ ಏನನ್ನೋ ಒತ್ತಿದಳು, ಪರದೆಯನ್ನು ನೋಡುತ್ತ ಕಾದಳು. “ಸಂಪಾದಕಿಗೆ ಹೋಯ್ತು.”

ತನ್ನ ಹೆಸರಿನ ಪುಸ್ತಕದ ಒಂದು ಅಧ್ಯಾಯದಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೂವಿನಂಗಡಿಯವಳು ಚಿಲಕ ತೆಗೆದಿಟ್ಟಳೇ, ಉಪ್ಪು ಸುರಿದಳೇ, ಇಪ್ಪತ್ತೆರಡನೇ ಅಧ್ಯಾಯದವರೆಗೆ ಅವಳು ಉಳಿದಿದ್ದಾಳೆಯೇ, ಅವನು ಮಂಡಿಯೂರಿದಾಗ ಆ ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ. ಅಂಗಡಿಯ ಮುಂದೆ ಸಂಚಿಕೆಗೆ ಕಾದ ಜನರ ಹಾಗೆ ಅವಳೂ ಕಾಯಬೇಕು. ಎಡಗೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಬೆರಳಿನ ಗಂಟುಗಳು ಬೆಳ್ಳಗಾದದ್ದನ್ನು ಅವಳು ನೋಡಿದಳು, ತಂಗಿಯೂ ನೋಡುತ್ತಿದ್ದುದನ್ನು ನೋಡಿದಳು, ಮತ್ತು ಒಂದೊಂದೇ ಬೆರಳನ್ನು ಬಿಡಿಸಿದಳು. ಬಿಡಿಸಿದ್ದಕ್ಕೆ ತಂಗಿಯ ಮುಖದಲ್ಲಿ ಏನೂ ಆಗಲಿಲ್ಲ.

“ಆಟೋದವನಿಗೆ ಹೇಳಿರ್ತೀನಿ, ಆಸ್ಪತ್ರೆಗೆ ಹೋಗು. ಮತ್ತೆ ಕಟ್ಟಬೇಕಾಗುತ್ತೆ ಅದನ್ನ” ಎಂದಳು ತಂಗಿ, ಚೀಲಕ್ಕೆ ಲ್ಯಾಪ್‌ಟಾಪ್ ಹಾಕಿಕೊಳ್ಳುತ್ತ. “ನಾನೂ ಒಂದು ಎಕ್ಸ್‌ರೇ ತೆಗೆಸ್ತೀನಿ. ಬೇರೆ ಕಡೆ. ನಾಳೆ ಬರಲ್ಲ.”

“ನಾಡಿದ್ದು?”

ತಂಗಿ ಬಾಗಿಲಿಗೆ ಹೋಗಿ, ಹೊಸ್ತಿಲಾಚೆ ಬಗ್ಗಿ, ಒಂದೇ ಕೈಯಲ್ಲಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ತೊಡಗಿದಳು. ಬೆನ್ನು ಕೋಣೆಯ ಕಡೆಗಿತ್ತು. ಪಟ್ಟಿ ಕೊಂಡಿಗೆ ಸಿಗುತ್ತಿರಲಿಲ್ಲ. ಸಹಾಯ ಮಾಡೋಣ ಎಂದು ಅಕ್ಕ ಕುರ್ಚಿಯಿಂದ ಅರ್ಧ ಎದ್ದಳು, ಎದ್ದದ್ದಕ್ಕೆ ಕುರ್ಚಿ ಕಿರುಗುಟ್ಟಿತು, ಬಾಗಿಲಲ್ಲಿ ಬಗ್ಗಿದ್ದ ಬೆನ್ನು ಅಲ್ಲಾಡುವುದನ್ನು ನಿಲ್ಲಿಸಿ ಗಟ್ಟಿಯಾಯಿತು. ಅಷ್ಟೇ. ತಂಗಿ ತಿರುಗಲಿಲ್ಲ, ಬರೀ ಕಾಯುತ್ತಿದ್ದಳು. ಒಂದು ಹೆಜ್ಜೆ ಮುಂದಿಟ್ಟರೂ ಅದು ಹಿಂದಿನಿಂದ ಬರುವ ಹೆಜ್ಜೆಯೇ. ಕೂತರೆ ಕುರ್ಚಿ ಮತ್ತೆ ಸದ್ದು ಮಾಡುತ್ತದೆ. ಮಾತಾಡಿದರೆ ಆ ಮಾತುಗಳೇ ಬರುತ್ತವೆ. ಅವಳು ಮಂಡಿ ಬಾಗಿಸಿ, ಅರ್ಧ ಎದ್ದ ಹಾಗೆಯೇ, ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ತೊಡೆ ನಡುಗತೊಡಗಿತು. ಉಸಿರನ್ನು ಬಾಯಿಂದ, ಸದ್ದಿಲ್ಲದೆ ಬಿಟ್ಟಳು. ತುಂಬ ಹೊತ್ತಾದಮೇಲೆ ಬಾಗಿಲಲ್ಲಿ ಬೆರಳುಗಳು ಮತ್ತೆ ಪಟ್ಟಿಯನ್ನು ತಡಕಾಡಿದವು, ಒಮ್ಮೆ ತಪ್ಪಿದವು, ಇನ್ನೊಮ್ಮೆ ತಪ್ಪಿದವು. ಅವಳು ಕದಲಲಿಲ್ಲ.